ಸಕ್ಕರೆ ಪರೀಕ್ಷೆ ಅಂದಿದ್ದೆ ನೀನು

ಕಾವ್ ಲಾನ್,
ಅಕ್ಟೋಬರ್ ೧೪

ಪ್ರೀತಿಯ ದಿಯೆಪ್ ಅಕ್ಕ,

ಹೀಗೆ ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಬೇರೆ ಹೇಗೆ ಕರೆಯಲಿ? ಖಾಯ್‌ನನ್ನು ಮದುವೆಯಾಗುವ ಮೊದಲೇ ನೀನು ನನಗೆ ಅಕ್ಕನಾಗಿದ್ದೆ. ಗಂಡನ ಅಕ್ಕನಾದದ್ದು ಆಮೇಲೆ. ಫೋನ್ ತೆಗೆಯುತ್ತಿಲ್ಲವೆಂದು ಬೇಸರಿಸಬೇಡ. ಫೋನಿನಲ್ಲಾದರೆ ನೀನು ಅಳುತ್ತೀ, ಕೊನೆಗೆ ನಾನೇ ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ.

ತವರಿನಲ್ಲಿ ಮಗಳೂ ನಾನೂ ಚೆನ್ನಾಗಿದ್ದೇವೆ. ಅಮ್ಮ ದಿನಾ ಪರಂಗಿಕಾಯಿ ಹಾಕಿ ಹಂದಿಕಾಲಿನ ಸಾರು ಮಾಡುತ್ತಾಳೆ. ಎದೆಹಾಲಿಗೆ ಕೊರತೆಯಿಲ್ಲ.

ಫೆಬ್ರವರಿಯಲ್ಲಿ ನಿನ್ನ ಕ್ಲಿನಿಕ್ಕಿಗೆ ಬಂದದ್ದು ನೆನಪಿದೆಯಲ್ಲ? ಏಳು ವರ್ಷ ಕಾದು ನಿಂತ ಬಸಿರು, ಆಗ ಹತ್ತು ವಾರ. "ಕೈ ಚಾಚು ಕಣೇ, ಸಕ್ಕರೆ ಪರೀಕ್ಷೆ, ಬಸಿರಿಯರಿಗೆಲ್ಲ ಮಾಡ್ತೀವಿ" ಎಂದೆ. ಸೂಜಿ ಕಂಡರೆ ನನಗೆ ಆಗುವುದಿಲ್ಲವೆಂದು ಗೊತ್ತಿದ್ದ ನೀನು, ನಾನು ಕೆಲಸ ಮಾಡುವ ತೋಟದ ಗುಲಾಬಿ ಸಸಿಗಳ ಬಗ್ಗೆ ಏನೇನೋ ಕೇಳುತ್ತ, ನಗಿಸುತ್ತ ರಕ್ತ ತೆಗೆದೆ.

ಜೂನ್‌ನಲ್ಲಿ ಬೈಕಿನ ಕಾಗದ ಹುಡುಕುವಾಗ ಖಾಯ್‌ನ ಬಟ್ಟೆಗಳ ಅಡಿಯಲ್ಲಿ ಒಂದು ಲಕೋಟೆ ಸಿಕ್ಕಿತು. ಸೈಗಾನ್‌ನ ಯಾವುದೋ ಲ್ಯಾಬಿನದು. ಹೊಟ್ಟೆಯಲ್ಲಿರುವ ಮಗುವಿನ ಅಪ್ಪ ಯಾರೆಂದು ತಾಯಿಯ ರಕ್ತದಿಂದಲೇ ಹೇಳಬಹುದೆಂದು ನನಗೆ ತಿಳಿದದ್ದು ಆವತ್ತು. ಅಪ್ಪ ಖಾಯ್‌ನೇ ಎಂದು ಬರೆದಿತ್ತು. ರಕ್ತ ತೆಗೆದ ತಾರೀಕು ನೋಡಿದೆ. ಕೆಳಗೆ ನಿನ್ನ ಸಹಿ.

ಅವನನ್ನು ಕೇಳಿದೆ. ತಲೆ ತಗ್ಗಿಸಿಕೊಂಡೇ ಹೇಳಿದ: "ನನಗೆ ಮಕ್ಕಳಾಗೋದು ಕಷ್ಟ ಅಂತ ಡಾಕ್ಟರೇ ಅಂದಿದ್ರಲ್ಲ. ತೋಟದ ಯಜಮಾನ ನಿನ್ನನ್ನ ದೋಣೀಲಿ ತಂದು ಬಿಡೋದನ್ನ ಊರೇ ನೋಡಿದೆ. ನಾನೇನು ಅಂದ್ಕೋಬೇಕಿತ್ತು?"

"ನನ್ನನ್ನ ಕೇಳಬಹುದಿತ್ತಲ್ಲ?"

"ಕೇಳಿದ್ರೆ ಏನೂ ಇಲ್ಲ ಅಂತಿದ್ದೆ."

"ಹೂಂ, ಅಂತಿದ್ದೆ. ಯಾಕಂದ್ರೆ ಏನೂ ಇಲ್ಲ. ಈಗಲಾದ್ರೂ ಗೊತ್ತಾಯ್ತಲ್ಲ?"

ಅದಕ್ಕೆ ಅವನು ಅಂದ ಮಾತು ನಿನಗೂ ತಿಳಿಯಲಿ. "ರಕ್ತ ತೆಗೆದೋಳು ಅಕ್ಕ. ನೀವಿಬ್ರೂ ಮೊದಲಿಂದ ಗೆಳತಿಯರು. ಸೇರ್ಕೊಂಡು ರಿಪೋರ್ಟು ಬದಲಾಯಿಸಿಲ್ಲ ಅಂತ ಏನು ಗ್ಯಾರಂಟಿ?"

ನನಗೆ ಮೋಸ ಮಾಡಿ ನೀನು ತರಿಸಿಕೊಟ್ಟ ಕಾಗದವನ್ನು ಅವನು ನಂಬಲೂ ಇಲ್ಲ, ಅಕ್ಕ.

ಮಗಳು ಹುಟ್ಟಿದ ಇಪ್ಪತ್ತನೆಯ ದಿನ ಬೇರೊಂದು ಲ್ಯಾಬಿನವನು ಮನೆಗೇ ಬಂದ. "ಮೂಗು ನೋಡೋ, ನಮ್ಮನೇದೇ, ಸಾಕು ಬಿಡೋ" ಎಂದು ಅತ್ತೆ ಬೇಡಿಕೊಂಡರೂ ಖಾಯ್ ಕೇಳಲಿಲ್ಲ. ಕಡ್ಡಿಗೆ ಸುತ್ತಿದ ಹತ್ತಿಯನ್ನು ಮಗುವಿನ ಕೆನ್ನೆಯೊಳಗೆ ಉಜ್ಜಿದರು. ಅವಳು ಅದನ್ನು ಮೊಲೆಯೆಂದುಕೊಂಡು ಚೀಪಿದಳು.

ವಾರದ ಮೇಲೆ ಮತ್ತೆ ಅದೇ ಉತ್ತರ ಬಂತು. ಖಾಯ್ ಅತ್ತ. ಮಗುವಿಗೆ ತಿಂಗಳು ತುಂಬುವ ದಿನ ಬೀದಿಗೆಲ್ಲ ಊಟ ಹಾಕಿಸುವೆನೆಂದ. ಆ ಬೆಳಿಗ್ಗೆ ಅತ್ತೆ ಮಗುವನ್ನು ಕಾಯುವ ಹನ್ನೆರಡು ಸೂಲಗಿತ್ತಿ ದೇವಿಯರಿಗೆ ಪಾಯಸ ತೋಡಿಡುತ್ತಿದ್ದಾಗ ನಾನು ಮಗಳನ್ನೆತ್ತಿಕೊಂಡು ಬಸ್ಸು ಹತ್ತಿದೆ.

ಮೊನ್ನೆ ಅವನು ಇಲ್ಲಿಗೆ ಬಂದಿದ್ದ. ಮಗುವನ್ನು ಅವನ ತೋಳಿಗೆ ಕೊಟ್ಟೆ. ಅಪ್ಪನ ತೋಳು ಅವಳಿಗೆ ಸಲ್ಲಬೇಕಾದದ್ದು. "ಮನೆಗೆ ಹೋಗೋಣ ಬಾ" ಎಂದ. ನಾನು ಹೊಸ್ತಿಲು ದಾಟಲಿಲ್ಲ.

ಅವನ ಹೆದರಿಕೆ ನನಗೆ ಅರ್ಥವಾಗುತ್ತದೆ. ಅರ್ಥವಾಗದವಳು ನೀನು. "ನಿನ್ನ ಮೇಲೆ ನಂಬಿಕೆ ಇತ್ತು ಕಣೇ, ಅವನ ಬಾಯಿ ಮುಚ್ಚಿಸೋಣ ಅಂತ ಮಾಡಿದೆ" ಎಂದು ಸಂದೇಶ ಕಳಿಸಿದ್ದೀ. ನಂಬಿಕೆ ಇದ್ದರೆ ತಮ್ಮನ ಮುಖ ನೋಡಿ ಆ ಮಾತು ಹೇಳಬೇಕಿತ್ತು. ನನ್ನ ತೋಳಿಗೆ ಸೂಜಿಯೇಕೆ ಚುಚ್ಚಿದೆ?

ಸದ್ಯಕ್ಕೆ ಇಲ್ಲಿಗೆ ಬರಬೇಡ. ಅತ್ತೆಯ ಬಿ.ಪಿ. ಮಾತ್ರೆ ತಪ್ಪದಂತೆ ನೋಡಿಕೋ.

ನಿನ್ನ ತಂಗಿಯಾಗಿದ್ದ
ಕ್ವೆನ್

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಎರಡನೆಯ ಪರೀಕ್ಷೆಯ ಲಕೋಟೆ ಒಡೆದವಳು ನಾನೇ. ಖಾಯ್‌ನನ್ನು ಬಿಟ್ಟು ಇನ್ನೊಬ್ಬ ಗಂಡಸನ್ನು ಮುಟ್ಟಿದವಳಲ್ಲ ನಾನು. ಆದರೂ ಒಡೆಯುವಾಗ ಏನು ಬರೆದಿದೆಯೋ ಎಂದು ಹೆದರಿದೆ, ಅಕ್ಕ. ನನ್ನ ಮೇಲೆ ನನಗೇ ಅನುಮಾನ ಬರುವ ಹಾಗೆ ನೀವಿಬ್ಬರೂ ಮಾಡಿಬಿಟ್ಟಿರಿ.