ಬೋಟಿನ ಡೀಸೆಲ್ ಲೆಕ್ಕ

ಅಪ್ಪಾಜಿಗೆ ಹಾಸ್ಟೆಲಿನಿಂದ ಹಂಸ ಮಾಡುವ ನಮಸ್ಕಾರ.

ಫೋನಲ್ಲಿ ಹೇಳಲು ಧೈರ್ಯ ಬರಲಿಲ್ಲ, ಅದಕ್ಕೆ ಭೀಮೇಶ್ ಮಾವನ ಕೈಯಲ್ಲಿ ಈ ಪತ್ರ. ಸೋಮವಾರ ಕಗ್ಗದಾಸಪುರದಲ್ಲಿರುವ ಅಜ್ಜಿಯ ಸೈಟಿನ ರಿಜಿಸ್ಟ್ರೇಷನ್‌ಗೆ ಹೋಗಬೇಡಿ, ಪ್ಲೀಸ್. ಅದನ್ನು ಮಾರಿ ಟೂರಿಸ್ಟರನ್ನು ಸುತ್ತಾಡಿಸಲು ನೀವು ಮಲ್ಪೆಯಲ್ಲಿ ಕೊಳ್ಳಲಿರುವ ಹಳೇ ಮೀನುಗಾರಿಕೆ ಟ್ರಾಲರ್ ಬೋಟಿಗೆ ನಾನು ಹಾಕಿಕೊಟ್ಟ ಡೀಸೆಲ್ ಲೆಕ್ಕ ತಪ್ಪು. ನಮ್ಮ ಟ್ರ್ಯಾಕ್ಟರ್ ಥರ ಅಂದುಕೊಂಡು, ಸ್ಪೀಡ್ ಎರಡರಷ್ಟಾದರೆ ಡೀಸೆಲ್ಲೂ ಎರಡರಷ್ಟು ಎಂದು ಬರೆದಿದ್ದೆ. ನೀರಿನಲ್ಲಿ ಗಂಟೆಗೆ ಏಳೆಂಟು ಪಟ್ಟು ಬೇಕಾಗುತ್ತದೆ ಎಂದು ನಿನ್ನೆ ನಮ್ಮ ಫಿಸಿಕ್ಸ್ ಮೇಡಂ ತೋರಿಸಿದರು. ನೀವಂದುಕೊಂಡ ಸ್ಪೀಡಲ್ಲಿ ಓಡಿಸಿದರೆ ಟೂರಿಸ್ಟ್ ಟ್ರಿಪ್ಪಲ್ಲಿ ಏನೂ ಉಳಿಯುವುದಿಲ್ಲ.

"ಮೊಮ್ಮಗಳೇ ಲೆಕ್ಕ ಹಾಕವ್ಳೆ, ಹೆಬ್ಬೆಟ್ಟು ಒತ್ತಮ್ಮ" ಎಂದು ಅಜ್ಜಿಯನ್ನು ಒಪ್ಪಿಸಿದಿರಿ. ಅಂದಿನಿಂದ ನನ್ನ ಲೆಕ್ಕದ ಹಾಳೆ ದೇವರ ಮನೆಯಲ್ಲಿದೆ, ಅಜ್ಜಿ ದಿನವೂ ಅದಕ್ಕೆ ಕುಂಕುಮ ಇಡುತ್ತಾರೆ. ದಯವಿಟ್ಟು ಅದನ್ನು ತೆಗೆದುಬಿಡಿ. ಯಾಕೆಂದು ಅಜ್ಜಿಗೆ ನಾನೇ ಬಂದು ಹೇಳುತ್ತೇನೆ.

ನಿಮ್ಮ ಮಗಳು,
ಹಂಸ