ಹನುಮಪ್ಪನ ಪಟದ ಹಿಂದೆ

ಬಾದಾಮಿ. ೧೮ ಜೂನ್ ೧೯೫೬, ಬೆಳಿಗ್ಗೆ

ಸ್ನಾನವಾದ ಕೂಡಲೇ ದೇವರ ಮನೆ. ತುಳಸಿಗೇರಿ ಹನುಮಪ್ಪನ ಪಟದ ಹಿಂದಿನ ಗುಬ್ಬಿಗೂಡು ಇಳಿಸಿದೆ. ಹಳೆಯ ಹುಲ್ಲೆಲ್ಲ ಒಲೆಗೆ. ಥೂ, ಏನು ಕೆಂಪು ನುಸಿ! ಹೋದ ಸಲದ ಮರಿಗಳ ರಕ್ತ ಕುಡಿದು ಕೊಂದವು ಇವೇ. ಈಗಿರುವ ಎರಡನ್ನು ಮಡಿಲಲ್ಲಿಟ್ಟು, ರೆಕ್ಕೆಸಂದಿಯ ನುಸಿ ಆರಿಸಿದೆ. ಪಕ್ಕದ ಮನೆಯ ಜೋಹರಾ ಕೋಳಿಗೂಡಿಗೆ ಮಾಡುವ ಹಾಗೆ ಬೂದಿ, ಬೇವಿನೆಲೆ, ಮೇಲೆ ಹೊಸ ಹುಲ್ಲು.

"ಮಂದಿ ಕೈ ತಾಗಿದ್ರ ತಾಯಿ ಬಿಟ್ಟ ಹೋಗ್ತದ, ಮಥುರಾ," ಎಂದಳು ಅವ್ವನ ಅಕ್ಕ ಭಾಗೀರಥಿ ಮಾವಶಿ, ಮಡಿಸೀರೆ ಸಾವರಿಸಿಕೊಂಡು ದೂರ ನಿಂತು.

ಎಲ್ಲಿ ಬಿಟ್ಟಿತು? ಹುಳ ಕಚ್ಚಿಕೊಂಡು ಬಂದೇ ಬಂತು.

೨೪ ಜೂನ್

ದಿನ ಬಿಟ್ಟು ದಿನ ಹುಲ್ಲು ಬದಲು. ಪುಕ್ಕ ಬಂದಿವೆ! ನಿನ್ನೆ ಶಾಲೆಯಲ್ಲಿ ಹುಡುಗಿಯರಿಗೆ ಹೈಜೀನ್ ಪಾಠ — ನನ್ನ ಗುಬ್ಬಿಗಳದೇ ಕಥೆ ಹೇಳಿದೆ. ಜಂಬ ಸ್ವಲ್ಪ ಹೆಚ್ಚೇ ಆಯಿತು.

೨೫ ಜೂನ್

ಹೊರಗಾದೆ. ಮೂರು ದಿನ ಪಡಸಾಲೆಯ ಮೂಲೆ, ಚಾಪೆ, ಬೇರೆ ತಂಬಿಗೆ. ದೇವರ ಮನೆಯ ಹೊಸ್ತಿಲು ದಾಟುವಂತಿಲ್ಲ. ಮಾವಶಿಗೆ ಹೇಳಲೇ? ಮಡಿಯಲ್ಲಿದ್ದವಳು ಗುಬ್ಬಿ ಮುಟ್ಟುತ್ತಾಳೆಯೇ! ಬೇಡ.

೨೬. ಮಧ್ಯಾಹ್ನ

ಚಿಂವ್ ಚಿಂವ್ ಕಡಿಮೆಯಾಗಿದೆ. ಇವತ್ತು ಹುಲ್ಲು ಬದಲಿಸಲೇಬೇಕಿತ್ತು. ಎರಡು ಸಲ ಎದ್ದೆ... ಕೂತೆ. ನಾಡಿದ್ದು ಮಿಂದು ಮಾಡಿದರಾಯಿತು.

೨೮ ಜೂನ್

ಮಿಂದವಳೇ ಓಡಿದೆ. ಪಟ ವಾರೆಯಾಗಿತ್ತು. ಒಂದು ಮರಿ ನಿನ್ನೆಯೇ ಹೋಯಿತಂತೆ. ಇನ್ನೊಂದು ಮಾವಶಿಯ ಸೆರಗಿನಲ್ಲಿ — ತಣ್ಣಗೆ. ಮಡಿ ಕೆಡಿಸಿಕೊಂಡು ಗೂಡು ಇಳಿಸಿದ್ದಾಳೆ. ಕಣ್ಣು ಸರಿಯಾಗಿ ಕಾಣದು. ಬೆರಳಿನಿಂದಲೇ ತಡವಿ ನುಸಿ ಹುಡುಕಿದ್ದಾಳೆ, ಪಾಪ.

"ನನ್ನ ಕರೀಬಾರದಿತ್ತೇನು, ಮಾವಶಿ?"

"ನೀ ಕೇಳಿದ್ಯೇನು? ಒಳಗ ಬರ್ಲೇನು ಅಂತ ಒಂದ್ ಮಾತ ಕೇಳಿದ್ರ ಬಾ ಅಂತಿದ್ದೆ. ಜೀವ ಉಳಸ್ಲಿಕ್ಕೆ ಬಂದ್ರ ಹನುಮಪ್ಪ ಬ್ಯಾಡ ಅಂತಿದ್ದನ?"

ಅಯ್ಯೋ, ಎಂಥ ಮೂಳಿ ನಾನು. ಅವಳು ಬೈದಾಳೆಂದು ನಾನೇ ಎಣಿಸಿಕೊಂಡು ಕೂತೆ.

೨ ಜುಲೈ

ಹೆಣ್ಣುಗುಬ್ಬಿ ಮತ್ತೆ ಹುಲ್ಲು ತರುತ್ತಿದೆ. ಮೊಟ್ಟೆ, ಕಾವು, ಮರಿ... ಲೆಕ್ಕ ಹಾಕಿದರೆ ನಾನು ಹೊರಗಾಗುವ ದಿನಗಳಿಗೇ ಬರುತ್ತದೆ. ಈ ಸಲ ಮೊದಲೇ ಕೇಳಿಬಿಡಬೇಕು.

ಮಾವಶಿ ದೇವರ ಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಹೊಸ್ತಿಲತನಕ ಹೋದೆ.

"ಏನ ಮಥುರಾ?" ಎಂದಳು.

"ಏನಿಲ್ಲ," ಎಂದು ಬಂದೆ.

ನಾಳೆ...