ಎಷ್ಟು ತಿಂಗಳಮ್ಮಾ?

ಅಮ್ಮಾ,

ನೀನು ಹೋಗಿ ಆರು ವರ್ಷವಾದರೂ ಅಂಗಡಿಯ ಸುದ್ದಿಯನ್ನು ನಿನಗೆ ಒಪ್ಪಿಸದಿದ್ದರೆ ನನಗೆ ಸಮಾಧಾನವಿಲ್ಲ. ನಿನ್ನೆ ನಮ್ಮ ಕಾಜಾ-ಗುಂಡಿ ಹಾಕುವವಳು ಹೊಲಿಗೆ ಮಿಷನ್ ಪಕ್ಕದಲ್ಲೇ ಫಿಟ್ಸ್ ಬಂದು ಬಿದ್ದಳು. ಆಸ್ಪತ್ರೆಗೆ ಸೇರಿಸಿದರೆ ಹೆರಿಗೆಯಾಯಿತು! ನಲವತ್ತೆರಡು ವಯಸ್ಸು, ಮುಟ್ಟು ನಿಂತೇಹೋಯಿತು ಅಂದುಕೊಂಡಿದ್ದಳಂತೆ. ಹೊಟ್ಟೆ ಉಬ್ಬಿದರೆ ಗ್ಯಾಸು ಅಂದಳು, ತಲೆ ಸಿಡಿದರೆ ಮಾತ್ರೆ ನುಂಗಿದಳು.

"ಬಸಿರಲ್ಲಿ ಬಿ.ಪಿ. ಏರಿ ಫಿಟ್ಸ್ ಬಂದಿದೆ. ಒಂದು ಸಲ ನೋಡ್ಸಿದ್ರೂ ಇಲ್ಲಿವರೆಗೆ ಬರ್ತಿರ್ಲಿಲ್ಲ" ಅಂದರು ಡಾಕ್ಟರಮ್ಮ. ಅವಳಿಗೆ ಎಚ್ಚರ ಬಂದಿದೆ. ದಿನ ತುಂಬದ ಮಗು ಒಂದೂವರೆ ಕೆಜಿ, ಗಾಜಿನ ಪೆಟ್ಟಿಗೆಯಲ್ಲಿ ಉಸಿರಿಗೆ ಒದ್ದಾಡುತ್ತಿದೆ.

ನಮ್ಮ ಹಳೇ ಒಂಟಿ ಕೋಣೆಯ ಅಂಗಡಿ ನೆನಪಾಗುತ್ತದೆ. ನೀನು ಮೊಣಕಾಲೂರಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅಳತೆ ತೆಗೆಯುತ್ತಿದ್ದೆ. ಹೊಟ್ಟೆ ಮುಂದೆ ಬಂದು ಲಂಗದ ಮುಂದಿನ ಅಂಚು ಎರಡು ಬೆರಳು ಮೇಲೆದ್ದಿದ್ದರೆ, "ಎಷ್ಟು ತಿಂಗಳಮ್ಮಾ?" ಅನ್ನುತ್ತಿದ್ದೆ. ಎಷ್ಟೋ ಗಂಡಂದಿರಿಗಿಂತ ಮೊದಲು ಸುದ್ದಿ ನಿನಗೇ ಗೊತ್ತಾಗುತ್ತಿತ್ತು. ದೊಡ್ಡ ಕನ್ನಡಿಗಳ ಹೊಸ ಅಂಗಡಿಗೆ ಬಂದ ಮೇಲೆ ನಾನೇ ಗಿರಾಕಿಗಳೆದುರು ನಿನ್ನ ಬಾಯಿ ಮುಚ್ಚಿಸಿದೆ: "ಅಳತೆ ತಗೋ ಸಾಕಮ್ಮಾ, ಊರವರ ಹೊಟ್ಟೆ ವಿಷ್ಯ ನಮಗ್ಯಾಕೆ?"

ಹೋದ ತಿಂಗಳು ಇವಳ ಲಂಗದ ಮುಂದಿನ ಅಂಚೂ ಮೇಲೆದ್ದಿತ್ತು. ನನಗೆ ಕಂಡಿತು. "ಊಟ ಮೈಗೆ ಹತ್ತಿದೆ ಕಣೇ" ಎಂದು ನಕ್ಕು, ಅಂಚು ಬಿಚ್ಚಿ, ಸಮ ಮಾಡಿ ಹೊಲಿದುಕೊಟ್ಟೆ.